ಗಾದಿಲಿಂಗಪ್ಪ ಎಣಿಸಿದ ಹನ್ನೆರಡು ಬಟ್ಟೆ

ಹೊಸಪೇಟೆಯ ಆ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಗಾದಿಲಿಂಗಪ್ಪನ ಗತ್ತೇ ಒಂದು ಕೈ ಮೇಲು. ಕೆಲಸವೇನೋ ಆಪರೇಷನ್ ಕೋಣೆಯ ಜವಾನನದು. ಆದರೆ ರೋಗಿಯ ಹೊಟ್ಟೆಯೊಳಗೆ ರಕ್ತ ಹೀರಲೆಂದು ಇಟ್ಟ ಬಟ್ಟೆಗಳು ಹೊರಬಂದಾಗ ಬಕೀಟಿಗೆ ಹಾಕುತ್ತ ಎಣಿಸುವವನು ಅವನೇ. ಅವನು ಲೆಕ್ಕ ಒಪ್ಪಿಸುವ ತನಕ ಡಾಕ್ಟರು ಹೊಲಿಗೆ ಹಾಕುವಂತಿರಲಿಲ್ಲ. "ನಾನು ಹ್ಞೂಂ ಅಂದ್ರನ ಹೊಟ್ಟಿ ಮುಚ್ಚೋದು" ಎಂದು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಸುಳ್ಳೇನಲ್ಲ, ಆದರೆ ದಿನಾ ಹೇಳಬೇಕಾಗಿರಲಿಲ್ಲ.

ಅವನ ಅಪ್ಪ ಕಂಪ್ಲಿಯಲ್ಲಿ ಭತ್ತ ಅಳೆಯುತ್ತಿದ್ದವನು. ಮೊದಲು ಬರಿಯ ಸೇರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು "ಲಾಭ" ಅನ್ನುವುದು, ಆಮೇಲೆ ತುಂಬಿದ ಸೇರಿಗೆ "ಒಂದು" ಅನ್ನುವುದು ಆ ಮನೆಯ ರೂಢಿ. ಮಗ ಅದನ್ನು ಆಪರೇಷನ್ ಕೋಣೆಗೂ ತಂದಿದ್ದ. ಬರಿಯ ಬಕೀಟು ಮುಟ್ಟಿ "ಲಾಭ" ಅಂದ ಮೇಲೆಯೇ ಮೊದಲ ಬಟ್ಟೆ. ಒಂಬತ್ತು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಕಮಲಾಕರರಾಯರು ಮದರಾಸಿನಲ್ಲಿ ಓದು ಮುಗಿಸಿ ಹೊಸ ಡಾಕ್ಟರಾಗಿ ಬಂದರು. ಅವರ ಮೊದಲ ದೊಡ್ಡ ಆಪರೇಷನ್ ಎಮ್ಮಿಗನೂರಿನ ಹೊನ್ನೂರಮ್ಮನದು. ಹೊಟ್ಟೆಯಲ್ಲಿದ್ದ ಗಡ್ಡೆ ತೆಗೆದದ್ದಾಯಿತು. ಬಟ್ಟೆ ಹೊರತೆಗೆಯುವ ಹೊತ್ತಿಗೆ ಗಾದಿಲಿಂಗಪ್ಪ ಬಕೀಟು ಮುಟ್ಟಿ "ಲಾಭ" ಅಂದ.

ರಾಯರ ಮೈ ಉರಿದುಹೋಯಿತು. "ಇದೇನು ಸಂತೆಯೇನೋ? ಒಂದರಿಂದ ಎಣಿಸು!"

ಪಾಪ, ಗಾದಿಲಿಂಗಪ್ಪ ಕಕ್ಕಾಬಿಕ್ಕಿಯಾದ. ಮತ್ತೆ ಮೊದಲಿನಿಂದ ಎಣಿಸಿ ಹನ್ನೆರಡು ಒಪ್ಪಿಸಿದ. ಬಟ್ಟೆ ಒಳಗಿಡುವಾಗ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೂ ಹನ್ನೆರಡೇ. ರಾಯರು ಹೊಲಿಗೆ ಹಾಕಿದರು.

ಮೂರನೆಯ ದಿನಕ್ಕೆ ಹೊನ್ನೂರಮ್ಮನಿಗೆ ಸುಡುವ ಜ್ವರ. ಹೊಟ್ಟೆ ಬಿಗಿದು ಕಲ್ಲಾಗಿತ್ತು, ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ರಾಯರು ಔಷಧ ಬದಲಿಸಿ ಬದಲಿಸಿ ಸೋತಿದ್ದರು. ಅವತ್ತೇ ಆಸ್ಪತ್ರೆಯ ಬಟ್ಟೆ ಒಗೆಯುವ ಜಂಬವ್ವ ಬಸವಣ್ಣ ಕಾಲುವೆಯಿಂದ ಆ ಆಪರೇಷನ್ನಿನ ಬಟ್ಟೆಗಳ ಗಂಟು ಹೊತ್ತು ಬಂದಳು.

"ಗಾದಿಲಿಂಗಣ್ಣ, ಗಂಟಿನ್ಯಾಗ ಹನ್ನೊಂದ ಅರಿವಿ ಇದ್ವು. ಆಮ್ಯಾಲ ನನ್ನ ಮ್ಯಾಲ ಹಾಕಬ್ಯಾಡ."

"ಹನ್ನೆರಡು! ಒಂದು ಕಾಲಿವ್ಯಾಗ ತೇಲಿಬಿಟ್ಟಿರ್ತಿ ನೀನು."

"ಇಷ್ಟು ವರ್ಷದಾಗ ಒಂದರ ತೇಲಿಬಿಟ್ಟೀನೇನು? ಅವತ್ತು ಹೆಂಗ ಎಣಿಸಿದ್ದೀ, ಹಂಗ ಎಣಿಸಿ ತೋರ್ಸು."

ಎಣಿಸು ಅಂದರೆ ಗಾದಿಲಿಂಗಪ್ಪನಿಗೆ ಇಲ್ಲದ ಹುರುಪು. ಕಾಲು ಮಡಚಿ ಕೂತು, ಬರಿಯ ಬುಟ್ಟಿ ಮುಟ್ಟಿ "ಒಂದು" ಅಂದ. ಮೊದಲ ಬಟ್ಟೆ ಹಾಕಿ "ಎರಡು" ಅಂದ. ಕೊನೆಯ ಬಟ್ಟೆಗೆ "ಹನ್ನೆರಡು! ಆತಿಲ್ಲ?" ಎಂದು ಮೀಸೆ ತಿರುವಿದ.

"ಆತು. ಒಂದು ಅಂದಾಗ ಕೈಯಾಗ ಏನಿತ್ತಣ್ಣ?" ಎಂದಳು ಜಂಬವ್ವ.

ಅವನು ತನ್ನ ಕೈ ನೋಡಿಕೊಂಡ. ರಾಯರು ಗದರಿ ಬಾಯಿಂದ "ಲಾಭ" ಬಿಡಿಸಿದ್ದರು. ಆದರೆ ಕೈ ತನ್ನ ರೂಢಿ ಬಿಟ್ಟಿರಲಿಲ್ಲ. ಬರಿಯ ಬಕೀಟಿಗೇ "ಒಂದು" ಸಂದುಹೋಗಿತ್ತು. ಅಂದರೆ ಹನ್ನೆರಡನೆಯ ಬಟ್ಟೆ ಇನ್ನೂ ಹೊನ್ನೂರಮ್ಮನ ಹೊಟ್ಟೆಯಲ್ಲೇ ಇತ್ತು.

ಬಟ್ಟೆ ಕಾಲುವೆಗೆ ಹೋಯಿತು ಅಂದುಬಿಟ್ಟರೆ ಕೇಳುವವರಿರಲಿಲ್ಲ. ಅಗಸಗಿತ್ತಿಯ ಮಾತಿಗಿಂತ ಜವಾನನ ಮಾತೇ ನಡೆಯುತ್ತಿತ್ತು. ನಿಜ ಹೇಳಿದರೆ ಕೆಲಸವೂ ಹೋಗುತ್ತದೆ, ಚಹಾದಂಗಡಿಯ ಗತ್ತೂ ಹೋಗುತ್ತದೆ. ಒಳಗಿನಿಂದ ಹೊನ್ನೂರಮ್ಮ "ಯವ್ವಾ" ಎಂದು ನರಳಿದಳು. ಗಾದಿಲಿಂಗಪ್ಪ ಎದ್ದು ಓಡಿದ.

"ರಾಯರ, ಆಯವ್ವನ ಹೊಟ್ಟ್ಯಾಗ ಒಂದು ಅರಿವಿ ಉಳದೈತ್ರಿ. ತಪ್ಪು ನಂದ್ರಿ. ಜಲ್ದಿ ತೆಗೀರಿ."

ರಾಯರು ಆ ಗಳಿಗೆಯಲ್ಲೇ ಹೊಲಿಗೆ ಬಿಚ್ಚಿದರು. ಬಟ್ಟೆ ಸಿಕ್ಕಿತು. ಗಾದಿಲಿಂಗಪ್ಪ ಅದನ್ನು ಬಕೀಟಿಗೆ ಹಾಕಿ "ಹನ್ನೆರಡು" ಅಂದ. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಕೆಲಸ ಹೋಗಲಿಲ್ಲ. "ಒಳಗೆ ಕೈಯಾಡಿಸಿ ನೋಡದೆ ಮುಚ್ಚಿದವನು ನಾನು" ಎಂದರು ರಾಯರು. ಮುಂದಿನ ಆಪರೇಷನ್ನಿನಲ್ಲಿ ಗಾದಿಲಿಂಗಪ್ಪ ಬಕೀಟಿನೆದುರು ಬಾಯಿ ಬಿಗಿದು ನಿಂತಾಗ ಅವರೇ, "ಲಾಭ ಅನ್ನಪ್ಪಾ, ಶುರು ಮಾಡೋಣ" ಎಂದು ಹೇಳಿಕೊಟ್ಟರು.

ಸುಗ್ಗಿ ಮುಗಿದ ಮೇಲೆ ಹೊನ್ನೂರಮ್ಮ ಹೊಸ ಅಕ್ಕಿ ಹೊತ್ತು ಬಂದಳು. "ನನ್ನ ಜೀವ ಉಳಿಸಿದಾಂವ ನೀನಂತ, ತಗೋಳಪ್ಪ" ಎಂದಳು.

ಗಾದಿಲಿಂಗಪ್ಪನಿಗೆ ನಾಚಿಕೆಯಾಯಿತು. "ಅರಿವಿ ಬಿಟ್ಟಾಂವ ನಾನಬೇ. ಉಳಿಸಿದಾಕಿ ಈಕಿ" ಎಂದು ಜಂಬವ್ವನನ್ನು ಮುಂದಕ್ಕೆ ಕರೆದ.

ಹೊನ್ನೂರಮ್ಮ ಅಕ್ಕಿಯ ಗಂಟನ್ನೂ ಸೇರನ್ನೂ ಅವನ ಮುಂದಿಟ್ಟು, "ಹಂಗಾರ ಆಕೀಗೇ ಅಳದು ಹಾಕು" ಎಂದಳು.

ಜಂಬವ್ವ ಸೆರಗೊಡ್ಡಿದಳು. ಗಾದಿಲಿಂಗಪ್ಪ ಬರಿಯ ಸೇರನ್ನು ಕಣ್ಣಿಗೊತ್ತಿಕೊಂಡು "ಲಾಭ" ಅಂದ, ಆಮೇಲೆ ಸೇರು ತುಂಬಿ ಅವಳ ಮುಖ ನೋಡಿದ.

ಅವಳು ಸೇರಿನೊಳಗೆ ಬಗ್ಗಿ ನೋಡಿ ಹೇಳಿದಳು: "ಹ್ಞೂಂ. ಈಗ ಒಂದು."