ಜ್ವರಕ್ಕೆ ಕೂತ ಮರಿಗಳು

ದೆವ್ವ, ಪೀಡೆ, ಗಾಳಿ ಸೋಕುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬುವವರನ್ನು ಸುಮ್ಮನೆ ಬಿಟ್ಟವಳೂ ಅಲ್ಲ. ಹೊತ್ತು ಮುಳುಗಿದ ಮೇಲೆ ಕೆರೆ ಏರಿಯಲ್ಲಿ ಯಾರೋ ಹಿಂದೆಯೇ ನಡೆದು ಬಂದ ಹಾಗಾಯಿತು ಅಂತ ನಾದಿನಿ ಹೆದರಿಕೊಂಡು ಹೇಳಿದಾಗ, ಎಮ್ಮೆ ಇರಬೇಕು, ಹಾಲು ಕರೆದುಕೊಂಡು ಬರಬಾರದಿತ್ತಾ ಅಂದಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರಿಗೂ ಅಂಥದ್ದೇ ಏನೋ ಒಂದು ಅಂದಿರುತ್ತಿದ್ದೆ. ನೀವು ನನಗೆ ಅಂದರೂ ಬೇಸರವಿಲ್ಲ.

ನಾನು ಸೋಲೂರಿನವಳು. ನಮ್ಮ ಕಡೆ ತೆಂಗು, ಹಸು. ರೇಷ್ಮೆ ಹುಳುವನ್ನು ಹತ್ತಿರದಿಂದ ನೋಡಿದ್ದೇ ಮದುವೆಯಾಗಿ ಉಯ್ಯಂಬಳ್ಳಿ ಕಡೆಗೆ ಬಂದ ಮೇಲೆ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ಇಲ್ಲಿಯವರು ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆ ಹೊತ್ತಿನಲ್ಲಿ ಮುಟ್ಟಬಾರದು, ಸದ್ದು ಮಾಡಬಾರದು, ಕಿಟಕಿಗೆ ಏನೂ ಕಟ್ಟದೆ ಗಾಳಿಯಾಡಲು ಬಿಡಬೇಕು. ಮೊದಲ ಸಲ ಆ ಮಾತು ಕೇಳಿದಾಗ ಮಾತ್ರೆ ಕೊಟ್ಟಿರಾ ಅಂತ ನಮ್ಮವರನ್ನು ಕೇಳಿದ್ದೆ. ಅವರು ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಹುಳುವಿನ ವಿಷಯದಲ್ಲಿ ಅವರಿಗೆ ತಮಾಷೆ ಇರಲಿಲ್ಲ.

ನಮ್ಮವರು ಕನಕಪುರದಿಂದ ಬರುವಾಗ ಬೈಕಿಗೆ ಟಿಪ್ಪರ್ ತಾಗಿ ಹೋದರು. ಮಕ್ಕಳಿರಲಿಲ್ಲ. ಹುಳು ಸಾಕುತ್ತಿದ್ದ ಹುಳುಮನೆಗೆ ಬೀಗ ಬಿತ್ತು. ಅತ್ತೆ ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ಗಟ್ಟಿಯಾಗಿದ್ದವರು ಆಮೇಲೆ ಒಂದೊಂದಾಗಿ ಮರೆಯುತ್ತಾ ಹೋದರು. ಊಟ ಮಾಡಿದ್ದು ಮರೆತರು, ಮಗ ಸತ್ತದ್ದನ್ನು ಮರೆತರು, ಕಡೆಗೆ ನನ್ನನ್ನೂ ಮರೆತರು. ದಿನಾ ಬೆಳಗ್ಗೆ ಅವನೆಲ್ಲಿ ಅಂತ ನನ್ನನ್ನೇ ಕೇಳುವರು. ಸೊಪ್ಪು ತರಲು ಹೋಗಿದ್ದಾರೆ ಅನ್ನುತ್ತಿದ್ದೆ.

ಪಕ್ಕದ ಮನೆಯಲ್ಲೇ ಇದ್ದ ಭಾವ, ನಮ್ಮವರ ಅಣ್ಣ, ಕೆಟ್ಟವರಲ್ಲ. ಆದರೆ ಹುಳುಮನೆ ಕೆಡವಿ ಅಲ್ಲಿ ಬಾಳೆ ಹಾಕಬೇಕು, ನಾನು ತವರಿಗೆ ಹೋಗಬೇಕು ಅನ್ನುವುದು ಅವರ ಮನಸ್ಸಿನಲ್ಲಿತ್ತು. ನನಗೆ ಹೋಗಲು ಇಷ್ಟವಿರಲಿಲ್ಲ. ಆ ಹುಳುಮನೆಯ ಗೋಡೆಗೆ ಇಟ್ಟಿಗೆ ಎತ್ತಿಕೊಟ್ಟವಳು ನಾನು, ಇಟ್ಟವರು ನಮ್ಮವರು. ನನಗೆ ಅಂತ ಉಳಿದದ್ದು ಅದೊಂದೇ. ನಾಟಿ ಕೋಳಿಮರಿ ತಂದು ಅಲ್ಲೇ ಸಾಕುತ್ತೇನೆ ಅಂದೆ. ಭಾವ, "ಇದೊಂದ್ ಸಲ ನೋಡಾನ ಕಣವ್ವ. ಇವು ಉಳೀನಿಲ್ಲ ಅಂದ್ರೆ ಸೋಲೂರಿಗೆ ಹೊಂಟೋಗು, ಆಮೇಲೆ ಮಾತು ಬ್ಯಾಡ" ಅಂದರು. ನಾನೂ ಒಪ್ಪಿಕೊಂಡೆ.

ಮರಿಗಳು ಬಂದವು. ತಗಡಿನ ಸುತ್ತು ಕಟ್ಟಿ, ಭತ್ತದ ಹೊಟ್ಟು ಹರವಿ, ಮೇಲೆ ಬಲ್ಬು ಇಳಿಬಿಟ್ಟೆ. ಎಳೆ ಮರಿಗೆ ಪುಕ್ಕ ಬರುವ ತನಕ ತನ್ನ ಮೈಯ ಬಿಸಿ ಸಾಲದು. ತಾಯಿಯ ರೆಕ್ಕೆ ಇಲ್ಲವೇ ಬಲ್ಬು, ಎರಡರಲ್ಲಿ ಒಂದು ಬೇಕು. ಬಂದು ಒಂದು ವಾರವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಗಾಳಿ ಎದ್ದು, ಆಲಿಕಲ್ಲು ಬಿದ್ದು, ಊರಿಗೆ ಕರೆಂಟು ಕೊಡುವ ಊರಾಚೆಯ ಟಿಸಿ ಢಮ್ಮೆಂದು ಸುಟ್ಟುಹೋಯಿತು. ಬೇರೆ ಟಿಸಿ ಬರುವ ತನಕ ಕರೆಂಟಿನ ಮಾತೇ ಎತ್ತಬೇಡಿ ಅಂದ ಲೈನ್‌ಮ್ಯಾನ್.

ಹುಳುಮನೆಯ ಕಿಟಕಿಗಳಿಗೆ ನೊಣ ಬಾರದಂತೆ ಬಲೆ ಹೊಡೆದದ್ದು ಬಿಟ್ಟರೆ ಮುಚ್ಚಲು ಕದಗಳಿಲ್ಲ. ಗೋಣಿಚೀಲ, ಹಳೇ ಕಂಬಳಿ, ನನ್ನ ಸೀರೆ, ಸಿಕ್ಕಿದ್ದನ್ನೆಲ್ಲ ಕಟ್ಟಿದೆ. ಮೊದಲು ಹುಳುವಿಗೆ ಕಾವು ಕೊಡುತ್ತಿದ್ದ ಇದ್ದಿಲಿನ ಒಲೆಯನ್ನು ಭಾವ ಯಾವತ್ತೋ ಗುಜರಿಗೆ ಹಾಕಿದ್ದರು. ಕಬ್ಬಿಣದ ಬಾಂಡ್ಲಿಯಲ್ಲಿ ಅಡುಗೆಮನೆಯ ಕೆಂಡ ತಂದಿಟ್ಟೆ. ಬಾಟಲಿಗೆ ಬಿಸಿನೀರು ತುಂಬಿ ಹೊಟ್ಟಿನಲ್ಲಿ ಹುದುಗಿಸಿದೆ. ಸೌದೆ ನೆಂದಿತ್ತು, ಹೊಗೆಯೇ ಹೊರತು ಉರಿ ಇಲ್ಲ. ಕತ್ತಲಾಗುವ ಹೊತ್ತಿಗೆ ಮರಿಗಳು ಚಳಿಗೆ ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದವು. ಗುಡ್ಡೆ ಬಿದ್ದರೆ ಅಡಿಗೆ ಸಿಕ್ಕಿದವು ಉಸಿರು ಕಟ್ಟಿ ಸಾಯುತ್ತವೆ. ಕೈಯಲ್ಲಿ ಬಿಡಿಸಿ ಹರಡುವೆ, ಮತ್ತೆ ಗುಡ್ಡೆ. ಸತ್ತವನ್ನು ಬಕೆಟ್ಟಿಗೆ ಹಾಕುತ್ತಾ ಹಾಕುತ್ತಾ ನನಗೆ ಅಳು ಬರುವುದೂ ನಿಂತುಹೋಯಿತು.

ಭಾವ ಟಾರ್ಚು ಹಿಡಿದು ಬಂದು ಬಕೆಟ್ಟು ನೋಡಿದರು. ಒಂದಷ್ಟು ಸೌದೆ ಇಟ್ಟು ಹೋದರು. ಅದೂ ನೆಂದದ್ದೇ. ಬಾಂಡ್ಲಿಯ ಕೆಂಡ ಆರಿತು. ನೀರಿನ ಬಾಟಲಿಗಳು ತಣ್ಣಗಾದವು. ಒಳಗೆ ಹೊಗೆ, ಕತ್ತಲು, ಮರಿಗಳ ಚೀಂಗುಟ್ಟುವಿಕೆ. ದೇವರ ಮೇಲಲ್ಲ, ನಮ್ಮವರ ಮೇಲೆ ಸಿಟ್ಟು ಬಂತು. ಕಟ್ಟಿಸಿದಿರಿ, ಹೋದಿರಿ, ಈಗ ನಾನೊಬ್ಬಳೇ ಏನು ಮಾಡಲಿ ಅಂತ ಗಟ್ಟಿಯಾಗಿಯೇ ಅಂದೆ.

ಅಷ್ಟರಲ್ಲಿ ಅತ್ತೆ ಬಂದರು. ಮಗ ಹೋದ ಮೇಲೆ ಆ ಕಡೆ ತಲೆ ಹಾಕದಿದ್ದವರು, ಚಪ್ಪಲಿ ಹೊರಗೆ ಬಿಟ್ಟು, ಹಿಂದೆ ಹುಳು ಮುಟ್ಟುವ ಮುಂಚೆ ಮಾಡುತ್ತಿದ್ದ ಹಾಗೆ ಕೈಕಾಲು ತೊಳೆದುಕೊಂಡು ಒಳಗೆ ಬಂದರು. ಸುತ್ತಿನೊಳಗೆ ಬಗ್ಗಿ ನೋಡಿದರು. ಆಮೇಲೆ ನೆಟ್ಟಗೆ ಕಿಟಕಿಗೆ ಹೋಗಿ ನಾನು ಕಟ್ಟಿದ್ದ ಗೋಣಿಚೀಲಗಳನ್ನು ಕಿತ್ತೆಸೆಯತೊಡಗಿದರು.

"ಜ್ವರಕ್ಕೆ ಕೂತವೆ ಕಣವ್ವ. ಗಾಳಿ ಆಡ್ಬೇಕು. ಯಾಕಿಂಗೆ ಮುಚ್ಬುಟ್ಟಿದ್ದೀಯೆ?"

ಹುಳುವಲ್ಲ ಅತ್ತೆ, ಕೋಳಿಮರಿ ಅಂತ ಅರಚಿದೆ. ತಡೆಯಲು ಹೋದೆ. ಆ ಸಣಕಲು ಮೈಯಲ್ಲಿ ಎಲ್ಲಿತ್ತೋ ಶಕ್ತಿ, ನನ್ನ ಕೈ ಹಿಡಿದು ಗೋಡೆಗೆ ಒರಗಿಸಿ ಕೂರಿಸಿದರು. ತಣ್ಣನೆ ಗಾಳಿ ನುಗ್ಗಿತು. ಮುಗಿಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಮುಗಿದರೆ ಸಾಕು ಅಂತಲೂ ಅನ್ನಿಸಿತು.

"ಮುಟ್ಬ್ಯಾಡ. ಅವ್ನು ಕಾವು ನೋಡ್ಕತಾವ್ನಲ್ಲ, ನಿಂಗ್ಯಾಕೆ?" ಅಂದರು ಅತ್ತೆ, ಸುತ್ತಿನ ಆಚೆ ತುದಿಯನ್ನೇ ನೋಡುತ್ತಾ. ಇದ್ದಿಲಿನ ಒಲೆ ಇಟ್ಟುಕೊಂಡು ನಮ್ಮವರು ಕುಕ್ಕರಗಾಲಲ್ಲಿ ಕೂರುತ್ತಿದ್ದ ಜಾಗ ಅದು.

ಮರಿಗಳ ಸದ್ದು ಒಂದೇ ಸಲ ನಿಂತಿತು. ಒಂದೊಂದಾಗಿ ಅಲ್ಲ, ಒಟ್ಟಿಗೆ. ಎಲ್ಲ ಸತ್ತವು ಅಂದುಕೊಂಡು ಮೊಬೈಲಿನ ಬೆಳಕು ಬಿಟ್ಟೆ. ಗುಡ್ಡೆ ಇರಲಿಲ್ಲ. ಮರಿಗಳು ಒಂದಕ್ಕೊಂದು ತಾಗದೆ, ತಟ್ಟೆಯಲ್ಲಿ ಹುಳು ಕೂತ ಹಾಗೆ ಬಿಡಿಬಿಡಿಯಾಗಿ, ತಲೆ ಎತ್ತಿಕೊಂಡು ಕೂತಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಎಲ್ಲವೂ ಆಚೆ ತುದಿಗೆ ಮುಖ ಮಾಡಿದ್ದವು. ಕೈ ಚಾಚಿ ಹೊಟ್ಟು ಮುಟ್ಟಿದೆ. ಬಿಸಿಲಿಗೆ ಹರವಿ ಆಗ ತಾನೇ ತಂದು ಸುರಿದಂತೆ ಬೆಚ್ಚಗಿತ್ತು. ನೆಂದ ಸೌದೆಯ ಹೊಗೆಯಲ್ಲ, ಕೆಂಪಾಗಿ ಹೊತ್ತಿದ ಇದ್ದಿಲಿನ ವಾಸನೆ ಇತ್ತು. ಬಾಂಡ್ಲಿ ಮುಟ್ಟಿ ನೋಡಿದೆ. ಅದು ತಣ್ಣಗಿತ್ತು.

"ರೀ" ಅಂದೆ. ಒಂದೇ ಸಲ. ಬೆಳಕನ್ನು ಆ ತುದಿಗೆ ಹಿಡಿದೆ. ತಗಡು ಕಂಡಿತು, ಗೋಡೆ ಕಂಡಿತು, ಬೇರೇನೂ ಕಾಣಲಿಲ್ಲ.

ಬೆಳಗ್ಗೆ ಉಳಿದ ಮರಿಗಳೆಲ್ಲ ಎದ್ದು ಮೇವು ಕೆದಕುತ್ತಿದ್ದವು. ಪಶು ಆಸ್ಪತ್ರೆಯ ಡಾಕ್ಟರು, ಹೊಗೆಯಿಂದ ಉಸಿರು ಕಟ್ಟಿತ್ತು, ಕಿಟಕಿ ತೆರೆದದ್ದೇ ಒಳ್ಳೆಯದಾಯಿತು ಅಂದರು. ಹೊಟ್ಟು ಯಾಕೆ ಬಿಸಿಯಾಗಿತ್ತು ಅಂದದ್ದಕ್ಕೆ, ಒತ್ತಿಕೊಂಡು ಕೂತರೆ ಆಗುತ್ತದೆ ಅಂದರು. ಒತ್ತಿಕೊಂಡಿರಲಿಲ್ಲ ಅಂದೆ. ಗಾಬರಿಯಲ್ಲಿ ಹಾಗೆ ಕಂಡಿರಬೇಕು ಅಂದರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಇಲ್ಲಿಗೆ ಮುಗಿದಿದ್ದರೆ ಕೈಮುಗಿದು ಸುಮ್ಮನಿರುತ್ತಿದ್ದೆ. ಮರಿಗಳು ಪುಕ್ಕ ಬಂದು, ಓಡಾಡಿಕೊಂಡು, ನನ್ನ ಕಾಲಸದ್ದಿಗೆ ಓಡಿ ಬರುವಂತಾದ ಮೇಲೆ ಕೊಕ್ಕರೆ ರೋಗ ಬಂತು. ಲಸಿಕೆ ಹಾಕಿಸಿದ್ದೆ, ಹಿಡಿಯಲಿಲ್ಲ. ಕತ್ತು ತಿರುಚಿಕೊಂಡು ಬಿದ್ದವು. ಒಂದೂ ಉಳಿಯಲಿಲ್ಲ. ಹೀಗೆ ಸಾಯುವುದಕ್ಕೆ ಅವತ್ತು ಯಾಕೆ ಉಳಿಸಿದಿರಿ ಅಂತ ಆ ಖಾಲಿ ಹುಳುಮನೆಯಲ್ಲಿ ನಿಂತು ಎಷ್ಟು ಸಲ ಕೇಳಿದೆನೋ.

ಒಪ್ಪಿದ ಮಾತನ್ನು ಭಾವ ನೆನಪಿಸಲಿಲ್ಲ. ನಾನೇ ಬಟ್ಟೆ ಕಟ್ಟಿದೆ. ಈಗ ಕೆಲವು ವರ್ಷಗಳಿಂದ ಸೋಲೂರಿನಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ಹುಳುಮನೆ ಇದ್ದ ಜಾಗದಲ್ಲಿ ಬಾಳೆ ಇದೆಯಂತೆ. ಅವತ್ತು ನಮ್ಮವರು ಬಂದಿರಲಿಲ್ಲ ಅಂದರೆ ಆ ಬಿಸಿ ಎಲ್ಲಿಂದ ಬಂತು, ನನಗೆ ಗೊತ್ತಿಲ್ಲ. ಬಂದಿದ್ದರು ಅಂದರೆ ಅದು ಇನ್ನೂ ಕಷ್ಟ. ಕೈಗೆ ಎಟಕುವಷ್ಟು ಹತ್ತಿರದಲ್ಲಿ ಕೂತು ಮರಿಗಳಿಗೆ ಕಾವು ಕೊಟ್ಟವರು ನನ್ನ ಕಡೆ ತಿರುಗಲಿಲ್ಲವೇ?

ನೋಡಿದವರು ಅತ್ತೆ ಒಬ್ಬರೇ. ಹೊರಡುವ ದಿನ ಅವರ ಮುಂದೆ ಕೂತು, ಮಂಡಿ ಹಿಡಿದುಕೊಂಡು ಕೇಳಿದೆ. ಅತ್ತೆ, ಅವತ್ತು ಅವರು ಬಂದಿದ್ದರಲ್ಲ, ನನ್ನ ವಿಷಯ ಏನಾದರೂ ಅಂದರಾ ಅಂತ.

ಅತ್ತೆ ನನ್ನ ಮುಖ ನೋಡಿದರು.

"ಯಾರು?" ಅಂದರು.