ಉಳಿಸಿಟ್ಟ ಮಾತ್ರೆ

ನಮ್ಮ ದೊಡ್ಡಮ್ಮನಿಗೆ ಹೊಲಿಗೆ ಕಾರ್ಖಾನೆಯಲ್ಲಿ ‘ಡಾಕ್ಟರಮ್ಮ’ ಎಂದೇ ಹೆಸರು. ಓದು ಅಷ್ಟಕ್ಕಷ್ಟೇ, ಧೈರ್ಯಕ್ಕೇನೂ ಬರವಿಲ್ಲ! ಮೆಷಿನ್ ಬಿಟ್ಟು ಎದ್ದರೆ ಸೂಪರ್‌ವೈಸರ್ ಮುಖ ಸಿಂಡರಿಸುತ್ತಾನೆಂದು ನಾವು ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ, ತಡೆದುಕೊಂಡೇ ಹೊಲಿಯುತ್ತಿದ್ದೆವು. ಉರಿಮೂತ್ರ ಎಲ್ಲರ ಮನೆಯ ನೆಂಟ.

ಉರಿ ಎಂದವರಿಗೆ ದೊಡ್ಡಮ್ಮ ಚೀಲದಿಂದ ಮಾತ್ರೆ ತೆಗೆದು ಕೊಡುತ್ತಿದ್ದಳು. ಡಾಕ್ಟರು ಇನ್ಯಾರಿಗೋ ಬರೆದುಕೊಟ್ಟು, ಅವರ ಉರಿ ನಿಂತಮೇಲೆ ಉಳಿದ ಮಾತ್ರೆಗಳವು.

“ವಾಸಿಯಾದ್ಮೇಲೂ ಯಾಕೆ ನುಂಗ್ತೀಯೇ? ಇನ್ನೊಬ್ಬಳಿಗಾಗುತ್ತೆ, ಇಲ್ಲಿ ಕೊಡು” ಎಂದು ಕಿತ್ತುಕೊಳ್ಳುವಳು. ಮನಸ್ಸು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆ ಒಳ್ಳೆಯತನವೇ ಮುಳುವಾಯಿತು.

ಅವಳ ಮಗಳೂ ನಮ್ಮ ಸಾಲಿನಲ್ಲೇ ಹೊಲಿಯುತ್ತಿದ್ದಳು. ಮದುವೆಯಾಗಿ ಬೇರೆ ಮನೆ ಮಾಡಿದರೂ, ತಲೆನೋವು ಬಂದರೂ ಮೊದಲು ಅಮ್ಮನಿಗೇ ಹೇಳಬೇಕು. ಬಸುರಿಯಾದಾಗ ಉರಿ ಶುರುವಾಯಿತು. ಅಮ್ಮ ಮಾತ್ರೆ ಕೊಟ್ಟಳು, ತಗ್ಗಿತು. ಮತ್ತೆ ಬಂತು, ಮತ್ತೆ ಕೊಟ್ಟಳು. ಆಮೇಲೆ ಬೆನ್ನುನೋವು, ಹಲ್ಲು ಕಟಕಟಿಸುವ ಚಳಿಜ್ವರ.

ಆಸ್ಪತ್ರೆಯಲ್ಲಿ ಮೂತ್ರದೊಳಗಿನ ಕ್ರಿಮಿಯನ್ನು ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆಂದು ನೋಡಿದರು. ಅದು ತಿಳಿಯುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು.

“ನೀವು ಕೊಟ್ಟ ಮಾತ್ರೆಗೆಲ್ಲ ಇದು ಜಗ್ಗಲ್ಲಮ್ಮ” ಎಂದರು ಡಾಕ್ಟರು. “ಅರ್ಧಂಬರ್ಧ ತಿಂದೂ ತಿಂದೂ ಕ್ರಿಮಿ ಪಳಗಿಬಿಟ್ಟಿದೆ. ಮೊದಲೇ ಕರ್ಕೊಂಡು ಬರಬಾರದಿತ್ತಾ?”

ನನಗೆ ಸಿಟ್ಟು ನೆತ್ತಿಗೇರಿತ್ತು. ಬೈಯೋಣವೆಂದು ತಿರುಗಿದರೆ, ದೊಡ್ಡಮ್ಮ ಗೋಡೆಗೊರಗಿ ಕುಸಿದಿದ್ದಳು. “ಕೈಯಾರೆ ಕೊಟ್ನಲ್ಲೇ, ಕೈಯಾರೆ...” ಎಂದು ಅದನ್ನೇ ಹೇಳುತ್ತಿದ್ದಳು. ಬೈಯುವುದು ಬಿಟ್ಟು ಅವಳ ರಟ್ಟೆ ಹಿಡಿದು ಎಬ್ಬಿಸಿದೆ.

ಆ ಕ್ರಿಮಿಗೆ ನಾಟುವ ಇಂಜೆಕ್ಷನ್ ಕೊಟ್ಟಮೇಲೆ ಮಗಳು ಉಳಿದಳು. ಅಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಕೆಟ್ಟಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗಾಯಿತು ದೊಡ್ಡಮ್ಮನ ಕಥೆ. ಈಗ ಯಾರು ಮಾತ್ರೆ ಕೇಳಿದರೂ “ಡಾಕ್ಟ್ರ ಹತ್ರ ಹೋಗ್ರೇ, ಪರೀಕ್ಷೆ ಮಾಡಿಸ್ರೇ!” ಎಂದು ರೇಗುತ್ತಾಳೆ. “ಏನು ಕೊಬ್ಬು ಇವಳಿಗೆ” ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿಗೇನು ಬೀಗ ಹಾಕುವುದಕ್ಕಾಗುತ್ತದೆಯೇ?

ಮೊನ್ನೆ ಮಗಳನ್ನು ನೋಡಿಬರಲು ನಾವಿಬ್ಬರೂ ಹೋದೆವು. ಬಾಗಿಲು ಓರೆಯಾಗಿತ್ತು. ಒಳಗೆ ಅವಳು ಗಂಡನಿಗೆ ಹೇಳುತ್ತಿದ್ದಳು: “ಮತ್ತೆ ಜ್ವರ ಬಂದಿದೆ ರೀ. ಈಗ್ಲೇ ಆಸ್ಪತ್ರೆಗೆ ಹೋಗೋಣ. ಅಮ್ಮಂಗೆ ಮಾತ್ರ ಗೊತ್ತಾಗೋದು ಬೇಡ.”

ಚಪ್ಪಲಿ ಬಿಟ್ಟಿದ್ದ ದೊಡ್ಡಮ್ಮ ಮತ್ತೆ ಮೆಟ್ಟಿಕೊಂಡಳು.

“ಸರಿಯಾಗೇ ಹೇಳ್ತಿದ್ದಾಳೆ” ಎಂದಳು. “ನಡಿಯೇ, ಹೋಗೋಣ.”