ಟರ್ಕಿ ಟವಲು

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ಜೀವಮಾನವೆಲ್ಲ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಅದೆಲ್ಲ ಕೆಲಸವಿಲ್ಲದವರ ಹರಟೆ ಎನಿಸುತ್ತಿತ್ತು. ಶಾಲೆಯ ಹಿಂದಿನ ಹುಣಸೇಮರದಲ್ಲಿ ಮೋಹಿನಿ ಇದ್ದಾಳೆಂದು ಹುಡುಗಿಯರು ಹೆದರಿದಾಗ, ಅದೇ ಮರದ ಬುಡದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡು ಬಂದಿದ್ದೆ. ಯಾವ ಮೋಹಿನಿಯೂ ಬಂದು ಒಂದು ತುತ್ತು ಕೇಳಲಿಲ್ಲ. ಹೀಗೆ ಬೀಗುತ್ತಿದ್ದವಳ ಮನೆಯಲ್ಲೇ, ಅದೂ ಮಟಮಟ ಮಧ್ಯಾಹ್ನ, ಇದು ನಡೆಯಿತು. ನಡೆದಷ್ಟನ್ನು ಹೇಳುತ್ತೇನೆ. ಓದಿದ ನಿಮಗೆ ಏನಾದರೂ ಹೊಳೆದರೆ ಹೊಳೆಯಲಿ.

ಎರಡನೆಯ ಮಹಾಯುದ್ಧದ ಕಾಲ. ನಮ್ಮ ಮನೆ ಶ್ರೀನಿವಾಸಪುರದಲ್ಲಿತ್ತು. ನಾವು ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ನಾನು ಕೋಲಾರದ ಶಾಲೆಯಲ್ಲಿ ಕೆಲಸಕ್ಕಿದ್ದೆ. ರಜೆ ಬಂತೆಂದರೆ ಪುಟ್ಟ ರೈಲು ಹತ್ತಿ ಊರಿಗೆ ಹೋಗುತ್ತಿದ್ದೆ. ನನ್ನ ತಮ್ಮ ಮುನಿರಾಜ ಮೋಟಾರು ಓಡಿಸುವುದನ್ನು ಕಲಿತು, ಯಾರ ಮಾತನ್ನೂ ಕೇಳದೆ ಮಿಲಿಟರಿಗೆ ಸೇರಿ, ಲಾರಿ ಡ್ರೈವರಾಗಿ ಹಡಗು ಹತ್ತಿದ್ದ. ಊರಿನ ಮನೆಯಲ್ಲಿ ಉಳಿದವರು ಅಮ್ಮ ಮತ್ತು ಅಮ್ಮನ ಮಾತನ್ನು ಮಾತ್ರ ಕೇಳುತ್ತಿದ್ದ ಒಂದು ಎಮ್ಮೆ.

ಅಮ್ಮನಿಗೆ ಒಂದು ಹಳೆಯ ಮರೆವು. ಸ್ನಾನಕ್ಕೆ ಹೋಗುವಾಗ ಸೀಗೆಪುಡಿ, ಎಣ್ಣೆಬಟ್ಟಲು, ಬದಲಿಸುವ ಸೀರೆ ಎಲ್ಲ ನೆನಪಿರುತ್ತಿತ್ತು, ಟವಲು ಮಾತ್ರ ಇಲ್ಲ. ನೀರು ಹುಯ್ದುಕೊಂಡು ಮುಗಿದ ಮೇಲೆ ಬಚ್ಚಲಿನಿಂದ ಕೂಗು: "ಲೇ ಮುನಿಯಾ, ಟವಲ್ ಕೊಡೋ!" ಬಚ್ಚಲು ಮನೆಯ ಹಿಂದೆ, ಹಿತ್ತಲಿನಲ್ಲಿತ್ತು. ಅದರ ತಗಡಿನ ಬಾಗಿಲಿನ ಮೇಲ್ಗಡೆ ಕೈ ಹಾಯುವಷ್ಟು ಸಂದಿ. ಮುನಿ ಆ ಸಂದಿಯಿಂದ ಟವಲು ಇಳಿಬಿಡುತ್ತಿದ್ದ. ಅಮ್ಮನ ಕೈ ಅದಕ್ಕೆ ತಗುಲಿದ ತಕ್ಷಣ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಅಮ್ಮ ಬೈಯಬೇಕು, ಅವನು ನಗಬೇಕು, ಮತ್ತೆ ಇಳಿಬಿಡಬೇಕು. ಮೀಸೆ ಬಂದ ಮೇಲೂ ಈ ಆಟ ಬಿಡಲಿಲ್ಲ. ಮನೆಯ ಟವಲುಗಳೆಲ್ಲ ಒಂದೇ ಥರ ಇದ್ದುದರಿಂದ ಅಮ್ಮನದರ ಮೂಲೆಗೆ ಒಂದು ಗಂಟು ಹಾಕಿಟ್ಟಿರುತ್ತಿದ್ದೆವು. ಗಂಟಿದ್ದರೆ ಅದು ಅಮ್ಮನದು, ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಮಿಲಿಟರಿಯವರು ತಾವೆಲ್ಲಿದ್ದೇವೆಂದು ಬರೆಯುವ ಹಾಗಿಲ್ಲವಂತೆ. ಆದರೂ ಮುನಿ ಒಂದು ಸಲ, ಎದುರಿನ ಬೆಟ್ಟ ದಾಟಿದರೆ ಟರ್ಕಿ ದೇಶ ಎಂದು ಹೇಗೋ ನುಸುಳಿಸಿದ್ದ. ಅಮ್ಮನಿಗೆ ಭೂಪಟ ಗೊತ್ತಿರಲಿಲ್ಲ, ಟರ್ಕಿ ಮಾತ್ರ ಗೊತ್ತಿತ್ತು. ಅಮಲ್ದಾರರ ಮನೆಯಲ್ಲಿ ಒಂದು ಟರ್ಕಿ ಟವಲನ್ನು ಅವಳು ಮುಟ್ಟಿ ನೋಡಿ ಬಂದಿದ್ದಳು. ದಪ್ಪನೆಯದು, ಮೈಯೆಲ್ಲ ನೂಲಿನ ಉಬ್ಬು, ಕೆನ್ನೆಗೆ ಇಟ್ಟುಕೊಂಡರೆ ಕರುವಿನ ಮೈ ಇದ್ದ ಹಾಗೆ ಎಂದು ವರ್ಷಗಟ್ಟಲೆ ವರ್ಣಿಸಿದ್ದಳು.

"ಅಲ್ಲೇ ತಾನೇ ಅದನ್ನ ಮಾಡೋದು? ನಂಗೊಂದು ತರಕ್ಕೆ ಬರಿ ಕಣೇ" ಎಂದಳು.

ಅದು ಬರೀ ಹೆಸರು, ಆ ದೇಶಕ್ಕೂ ಈ ಟವಲಿಗೂ ಈಗ ಸಂಬಂಧವಿಲ್ಲ, ಎಲ್ಲ ಇಲ್ಲಿನ ಗಿರಣಿಗಳಲ್ಲೇ ಆಗುವುದು ಎಂದು ನಾನು ಪಾಠ ಹೇಳಲು ಹೋದೆ.

"ಮೈಸೂರ್ ಪಾಕ್ ಮೈಸೂರಲ್ಲಿ ಮಾಡಲ್ವಾ? ಹಂಗೇ ಅದೂನೂ. ನೀನು ಬರಿ" ಎಂದು ನನ್ನ ಬಾಯಿ ಮುಚ್ಚಿಸಿದಳು. ಬರೆದೆ.

ಅಷ್ಟಾದ ಮೇಲೆ ಅವನ ಕಾಗದ ಬರಲಿಲ್ಲ. ಬೇಸಿಗೆ ರಜೆಗೆ ನಾನು ಊರಿಗೆ ಬಂದಾಗ ಊರೆಲ್ಲ ಮಾವಿನ ಹಣ್ಣಿನ ವಾಸನೆ, ನಮ್ಮ ಮನೆಯಲ್ಲಿ ಮಾತ್ರ ಒಂದು ಬಗೆಯ ಬಿಗಿತ. ಅಮ್ಮನ ಟವಲು ಹರಿದು ಜಾಲರಿಯಾಗಿತ್ತು. ಹೊಸದು ತರುತ್ತೇನೆಂದರೆ, "ಮುನಿಯ ತರ್ತಾನೆ, ಯಾಕೆ ದಂಡ" ಎನ್ನುತ್ತಿದ್ದಳು. ದಿನಾ ಆ ಮಾತು ಕೇಳುವುದು ನನಗೆ ಕಷ್ಟವಾಯಿತು. ಅವಳ ಕೈಗೆ ಒಂದು ಟರ್ಕಿ ಟವಲು ಬಂದುಬಿಟ್ಟರೆ ಆ ಮಾತಾದರೂ ನಿಂತೀತು ಎಂದುಕೊಂಡು, ಒಂದು ದಿನ ಅವಳನ್ನು ಎಣ್ಣೆ ನೀರಿಗೆ ಕಳಿಸಿ ಪೇಟೆಗೆ ಹೊರಟೆ. ಹಿಂದೆ ಬಚ್ಚಲಲ್ಲಿದ್ದವರಿಗೆ ಮುಂಬಾಗಿಲು ತಟ್ಟಿದ್ದು ಕೇಳುತ್ತಿರಲಿಲ್ಲವಾದ್ದರಿಂದ ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ.

ಅದು ಬಟ್ಟೆಗೆ ಬರ ಬಂದಿದ್ದ ಕಾಲ. ಸೀರೆಗೇ ಕಂಟ್ರೋಲು, ಇನ್ನು ಟವಲೆಲ್ಲಿ? ಅಂಗಡಿಯ ಮೇಲೆ ಅಂಗಡಿ ಹತ್ತಿ ಇಳಿದೆ. ಕೊನೆಗೆ, ನಮಗೆಲ್ಲ ಮೊದಲಿನಿಂದ ಬಟ್ಟೆ ಕೊಡುತ್ತಿದ್ದ ಖಾದರ್ ಸಾಬರ ಅಂಗಡಿಗೆ ಹೋದೆ. ಅವರು ಖಾಲಿ ಕಪಾಟು ತೋರಿಸಿದರು.

"ಟರ್ಕಿ ಗಿರ್ಕಿ ಎಲ್ಲಿಂದ ತರ್ಲಿ ಮೇಷ್ಟ್ರಮ್ಮ? ಅದು ಬರೋದು ಸೋಲಾಪುರದ ಕಡೆಯಿಂದ. ಈಗ ಅದೂ ಬಂದ್. ಮುನಿಯಣ್ಣ ಬಂದ್ರೆ ಹೇಳಿ, ಅವರಿಗೆ ಲುಂಗಿ ಒಂದು ಎತ್ತಿಟ್ಟಿದ್ದೀನಿ" ಎಂದರು. ಬರಿಗೈಯಲ್ಲಿ ಮನೆಗೆ ಬಂದೆ.

ಬೀಗ ತೆಗೆದು ಹಿತ್ತಲಿಗೆ ಹೋದಾಗ ಅಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದಳು. ಅವಳ ಕೈಯಲ್ಲಿದ್ದ ಬಟ್ಟೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಾಲಿನ ಬಣ್ಣ, ಉದ್ದಕ್ಕೂ ನೀಲಿ ಪಟ್ಟೆ, ಎರಡು ತುದಿಯಲ್ಲೂ ಹೊಸೆದು ಬಿಟ್ಟ ನೂಲಿನ ಕುಚ್ಚು. ಒಂದು ಮೂಲೆಯಲ್ಲಿ ಗಂಟು.

"ಯಾರಮ್ಮ ಕೊಟ್ಟಿದ್ದು ಇದನ್ನ?" ಎಂದೆ.

"ಯಾರು ಅಂದ್ರೆ? ನೀನೇ ತಾನೇ ಕೊಟ್ಟಿದ್ದು! ಈ ವಯಸ್ಸಲ್ಲಿ ನಿಂಗೇನೇ ಬಂತು, ಎರಡು ಸಲ ಮೇಲಕ್ಕೆ ಎಳ್ಕೊಂಡೆಯಲ್ಲ. ಕಣ್ಣಿಗೆಲ್ಲ ಸೀಗೆಪುಡಿ ಹೋಯ್ತು ನಂಗೆ."

ಆ ಮನೆಯಲ್ಲಿ ಟವಲನ್ನು ಎಳೆದುಕೊಂಡು ಆಟವಾಡಿಸುತ್ತಿದ್ದವನು ಒಬ್ಬನೇ. ನಾನು ಚಿಕ್ಕಂದಿನಲ್ಲೂ ಆಡಿದವಳಲ್ಲ.

ಅಮ್ಮ ಬಟ್ಟೆಯನ್ನು ಬಿಡಿಸಿ ಹಿಡಿದು ನೋಡಿ ನಕ್ಕಳು. "ಆದ್ರೂ ಇದೆಂಥ ಟವಲೇ? ಉಬ್ಬೂ ಇಲ್ಲ ಏನೂ ಇಲ್ಲ, ಬರೀ ಪಂಚೆ ಇದ್ದಂಗಿದೆ. ಸಾಬ್ರು ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ನೋಡು."

"ನಾನು ಕೊಡಲಿಲ್ಲಮ್ಮ. ಈಗ ಬರ್ತಿದ್ದೀನಿ" ಎಂದೆ.

"ಸಾಕು ಬಿಡೇ ನಿನ್ನ ನಾಟ್ಕ" ಎಂದಳು. ತಾನು ಬೇಡ ಎಂದದ್ದಕ್ಕೆ ಕದ್ದುಮುಚ್ಚಿ ಕೊಂಡು ತಂದು ತಮಾಷೆ ಮಾಡುತ್ತಿದ್ದೇನೆ ಎಂದೇ ಅವಳ ನಂಬಿಕೆ. ನಾನು ಹಟ ಹಿಡಿಯಲಿಲ್ಲ. ಹಿಡಿದರೆ, ಹಾಗಾದರೆ ಯಾರು ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ನನ್ನ ಬಾಯಿಗೆ ಬರುತ್ತಿದ್ದ ಹೆಸರನ್ನು ನಾನು ಆಡಲಾರೆ. ಪಕ್ಕದ ಹಿತ್ತಲಲ್ಲಿ ನರಸಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಗೋಡೆಯ ಮೇಲಿಂದ ಬಗ್ಗಿ, ನಮ್ಮ ಹಿತ್ತಲಿಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. "ಎವರೂ ರಾಲೇದಮ್ಮಾ, ನೇನಿಕ್ಕಡೇ ಉನ್ನಾನು ಕದಾ" ಎಂದಳು. ಯಾರೂ ಬಂದಿಲ್ಲ, ನಾನು ಇಲ್ಲೇ ಇದ್ದೀನಲ್ಲ ಎಂದು. ಆ ಬಟ್ಟೆಯನ್ನು ನಾನೂ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಸೀಗೆಪುಡಿಯ ಘಾಟಿನ ಅಡಿಯಲ್ಲಿ ನನಗೆ ಗುರುತು ಸಿಗದ ಯಾವುದೋ ಸೋಪಿನ ವಾಸನೆ ಇತ್ತು.

ಅಮ್ಮ ಅದನ್ನು ಹಿಂಡಿ ತನ್ನ ಸೀರೆಯ ಪಕ್ಕದಲ್ಲೇ ಹಗ್ಗದ ಮೇಲೆ ಹರವಿದಳು. ಸಂಜೆ ಬಟ್ಟೆ ತೆಗೆಯಲು ಹೋದಾಗ ಸೀರೆ ಇತ್ತು, ಅದು ಇರಲಿಲ್ಲ. ಕಳ್ಳನಾಗಿದ್ದರೆ ಒಳ್ಳೆಯ ಸೀರೆ ಬಿಟ್ಟು ಟವಲು ಯಾಕೆ ಒಯ್ಯುತ್ತಾನೆ ಎಂದು ನಾನು ಯೋಚಿಸುವಷ್ಟರಲ್ಲಿ ಅಮ್ಮ ಹಿತ್ತಲ ನಡುವೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದಳು. "ನನ್ನ ಮಗಳು ಆಸೆಪಟ್ಟು ತಂದಿದ್ದನ್ನ ಎತ್ಕೊಂಡು ಹೋದೋನ ಕೈ ಸೇದೋಗ! ಆ ಕೈಯಲ್ಲಿ ಅವನು ಅನ್ನ ಉಣ್ಣದಂಗಾಗ!"

ಅದಾದ ಕೆಲವು ದಿನಕ್ಕೆ ಮಿಲಿಟರಿಯಿಂದ ತಂತಿ ಬಂತು. ಅದನ್ನು ಓದಿ ಹೇಳಬೇಕಾದವಳು ನಾನೇ. ಆ ದಿನಗಳ ಬಗ್ಗೆ ಬರೆಯಲು ಇಷ್ಟು ವರ್ಷವಾದರೂ ನನ್ನ ಕೈಲಾಗುವುದಿಲ್ಲ. ರಜೆ ಮುಗಿದಾಗ ಎಮ್ಮೆಯನ್ನು ನರಸಮ್ಮನಿಗೆ ಒಪ್ಪಿಸಿ ಅಮ್ಮನನ್ನು ಕೋಲಾರಕ್ಕೆ ಕರೆದುಕೊಂಡು ಬಂದೆ.

ಯುದ್ಧ ಮುಗಿದ ಮೇಲೆ ಮುಳಬಾಗಿಲಿನ ಇಬ್ರಾಹಿಂ ಎಂಬವನು ಕೋಲಾರದ ನಮ್ಮ ಮನೆ ಹುಡುಕಿಕೊಂಡು ಬಂದ. ಮುನಿಯ ಜೊತೆಯಲ್ಲೇ ಲಾರಿ ಓಡಿಸುತ್ತಿದ್ದವನು. ಅಮ್ಮನ ಕಾಲು ಮುಟ್ಟಿ, ನೆಲದ ಮೇಲೆ ಕೂತು, ತಮ್ಮಿಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ ದಿನದ ಕಥೆ ಹೇಳಿದ. ಗಡಿಯ ಹತ್ತಿರದ ಒಂದು ಪಟ್ಟಣದ ಬಜಾರಿನಲ್ಲಿ ಟರ್ಕಿಯ ಸಾಮಾನು ರಾಶಿ ರಾಶಿ ಇತ್ತಂತೆ. ಕೆತ್ತನೆಯ ತಾಮ್ರದ ಕಾಫಿ ಗಿಂಡಿಗಳು, ಮೂತಿ ಮೇಲಕ್ಕೆ ತಿರುಗಿದ ಜೋಡುಗಳು, ಕಸೂತಿಯ ಕರವಸ್ತ್ರಗಳು, ದೃಷ್ಟಿಯಾಗದಿರಲೆಂದು ಕಟ್ಟಿಕೊಳ್ಳುವ ಕಣ್ಣಿನಾಕಾರದ ನೀಲಿ ಗಾಜಿನ ಮಣಿಗಳು. ಜೊತೆಯವರೆಲ್ಲ ಅದನ್ನೂ ಇದನ್ನೂ ಕೊಳ್ಳುತ್ತಿದ್ದರೆ ಮುನಿ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲವಂತೆ. ಭಾಷೆ ಬಾರದು, ಪ್ರತಿ ಅಂಗಡಿಯ ಮುಂದೆಯೂ ನಿಂತು ತಲೆಗೆ ನೀರು ಹುಯ್ದುಕೊಳ್ಳುವ ಹಾಗೆ, ಮೈ ಒರೆಸಿಕೊಳ್ಳುವ ಹಾಗೆ ಅಭಿನಯ ಮಾಡಿ ತೋರಿಸಿದ. ಬಜಾರೆಲ್ಲ ನಕ್ಕಿತು. ಕೊನೆಗೆ ಒಬ್ಬ ಮುದುಕ ಅರ್ಥಮಾಡಿಕೊಂಡು ಒಳಗಿನಿಂದ ಒಂದು ಬಟ್ಟೆ ತಂದ.

"ಹಾಲಿನ ಬಣ್ಣ ಅಮ್ಮಾ, ನೀಲಿ ಪಟ್ಟೆ, ತುದಿಗೆ ಕುಚ್ಚು. ಮುನಿಗೆ ಅಷ್ಟು ಖುಷಿ ಆಗಲಿಲ್ಲ. ಇದು ನಮ್ಮೂರ ಪಂಚೆ ಇದ್ದಂಗೈತಲ್ಲೋ, ಅಮ್ಮ ನಂಗೆ ಟೋಪಿ ಹಾಕಿದ್ರು ಅಂತಾಳೆ ಅಂದ. ಆ ಬುಡ್ಡಾ ಇದೇ ಅಸಲು ಅಂತ ಆಣೆ ಮಾಡ್ದ. ಅಲ್ಲೇ ನಿಂತ್ಕೊಂಡು ಮೂಲೆಗೊಂದು ಗಂಟು ಹಾಕ್ದ ಮುನಿ. ಯಾಕೋ ಅಂದ್ರೆ, ಇದು ಅಮ್ಮಂದು, ಯಾರೂ ಮುಟ್ಟಬೇಡಿ ಅಂದ."

ಅದಾದ ಮೇಲೆ ಒಂದು ದಿನ ಬೆಟ್ಟದ ದಾರಿಯಲ್ಲಿ ಮುನಿಯ ಲಾರಿ ಕಣಿವೆಗೆ ಉರುಳಿತ್ತು. ಮುಖ ನೋಡುವ ಹಾಗಿರಲಿಲ್ಲ. ಹೊದಿಸಲು ಬೇರೆ ಬಟ್ಟೆ ಸಿಗದೆ, ಇಬ್ರಾಹಿಮನೇ ಮುನಿಯ ಪೆಟ್ಟಿಗೆಯಿಂದ ಆ ಟವಲನ್ನು ತೆಗೆದು ಮುಖಕ್ಕೆ ಸುತ್ತಿದ. ಗಂಟು ಬಿಚ್ಚಲು ಮನಸ್ಸಾಗಲಿಲ್ಲವಂತೆ. ಹಾಗೇ ಸೌದೆ ಒಟ್ಟಿ ಸುಟ್ಟರು. ತಂತಿಯಲ್ಲಿದ್ದ ತಾರೀಖಿನ ಪ್ರಕಾರ ಇದೆಲ್ಲ ನಡೆದದ್ದು ನಮ್ಮ ಮನೆಯ ಆ ಮಧ್ಯಾಹ್ನಕ್ಕೆ ಮುಂಚೆ.

ನಾನು ಅಮ್ಮನ ಮುಖ ನೋಡಿದೆ. ನಾಟಕ ಎಂದು ತಾನು ತಳ್ಳಿಹಾಕಿದ್ದು ನಾಟಕವಲ್ಲ ಎಂದು ಅವಳಿಗೆ ತಿಳಿದದ್ದು ಆಗಲೇ. ಅವಳು ಅಳಲಿಲ್ಲ. ತನ್ನ ಕೈಯನ್ನೇ ನೋಡಿಕೊಳ್ಳುತ್ತ, "ಅವನ ಕೈ ಸರಿಯಾಗಿತ್ತೇನಪ್ಪಾ?" ಎಂದು ಕೇಳಿದಳು.

ಇಬ್ರಾಹಿಮನಿಗೆ ಶಾಪದ ವಿಷಯ ಗೊತ್ತಿರಲಿಲ್ಲ. "ಕೈಗೆ ಏನೂ ಆಗಿರಲಿಲ್ಲಮ್ಮಾ" ಎಂದ. ನಿಜ ಹೇಳಿದನೋ, ತಾಯಿಯ ಮುಖ ನೋಡಿ ಹಾಗೆ ಹೇಳಿದನೋ, ಅವನನ್ನು ಬೀದಿಯ ಕೊನೆಯವರೆಗೆ ಕಳಿಸಲು ಹೋದ ನಾನೂ ಕೇಳಲಿಲ್ಲ.

ಎಷ್ಟೋ ರೀತಿಯಲ್ಲಿ ಇದಕ್ಕೆ ಲೆಕ್ಕ ಹಾಕಿದ್ದೇನೆ. ಅಂಥ ಇನ್ನೊಂದು ಬಟ್ಟೆ ಇನ್ಯಾರದೋ ಮನೆಯಲ್ಲಿ ಇದ್ದಿರಬಹುದು. ಯಾವನೋ ಪೋಲಿ ಹುಡುಗ ಗೋಡೆ ಹಾರಿ ಬಂದಿರಬಹುದು. ಗಂಟು ಯಾರು ಬೇಕಾದರೂ ಹಾಕಬಹುದು. ಬಿಡಿಬಿಡಿಯಾಗಿ ಎಲ್ಲ ಸರಿ, ಕೂಡಿಸಿದರೆ ಮಾತ್ರ ಲೆಕ್ಕ ಕೂಡುವುದಿಲ್ಲ. ನಾನು ಈಗಲೂ ದೆವ್ವ ಇದೆ ಎನ್ನುವುದಿಲ್ಲ. ಮುನಿಯನ್ನು ದೆವ್ವ ಎನ್ನಲು ನನಗೆ ನಾಲಿಗೆಯೂ ಬರುವುದಿಲ್ಲ. ಆ ಒದ್ದೆ ಬಟ್ಟೆಯನ್ನು ನಾನು ಮುಟ್ಟಿದ್ದೆ, ಅಷ್ಟೇ ನನಗೆ ಗೊತ್ತು.

ಅಮ್ಮ ಅದಾದ ಮೇಲೆ ಬಹಳ ಕಾಲ ಬದುಕಿದ್ದಳು. ಇಬ್ರಾಹಿಂ ಬಂದು ಹೋದ ದಿನದಿಂದ ಅವಳು ಒಂದು ದಿನವೂ ಸ್ನಾನಕ್ಕೆ ಟವಲು ತೆಗೆದುಕೊಂಡು ಹೋಗಲಿಲ್ಲ. ಅದು ಹಳೆಯ ಮರೆವಲ್ಲ ಎಂದು ನನಗೂ ಗೊತ್ತಿತ್ತು. ಕೋಲಾರದ ಮನೆಯ ಬಚ್ಚಲ ಬಾಗಿಲಿಗೆ ಸಂದಿ ಇರಲಿಲ್ಲ, ಬಾಗಿಲನ್ನೇ ಓರೆ ಮಾಡಿ, "ಟವಲ್ ಕೊಡು" ಎಂದು ಕೂಗುತ್ತಿದ್ದಳು. ಯಾರ ಹೆಸರನ್ನೂ ಹಿಡಿಯುತ್ತಿರಲಿಲ್ಲ. ನಾನು ಹಿಡಿದು ನಿಲ್ಲುತ್ತಿದ್ದೆ. ಅವಳ ಒದ್ದೆ ಕೈ ಹೊರಗೆ ಬಂದು, ಟವಲನ್ನು ಬಿಟ್ಟು, ಮೊದಲು ನನ್ನ ಕೈಯನ್ನು ಹುಡುಕುತ್ತಿತ್ತು. ಮಣಿಕಟ್ಟಿನಿಂದ ಹಿಡಿದು ಬೆರಳು ಬೆರಳನ್ನೂ ಸವರಿ ನೋಡಿ, "ನೀನಾ" ಎಂದು ಟವಲು ತೆಗೆದುಕೊಳ್ಳುತ್ತಿದ್ದಳು.